ಇರುವೆಯ ದಾರಿ, ಹಕ್ಕಿಯ ದಾರಿ: ಉಮದಿ–ಇಂಚಗೇರಿ ಪರಂಪರೆಯಲ್ಲಿ ನಾಮ ಬಿಟ್ಟು ವಿಚಾರ ಉಳಿಯುತ್ತದೆಯೇ?

ಜತ್ತ ಸೀಮೆಯವ:

ಎಲ್ಲರಿಗೂ ನಮಸ್ಕಾರ. ನಾನು ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನವನು. ಉಮದಿಗೆ ನಮ್ಮೂರಿನಿಂದ ಸೈಕಲ್ ಮೇಲೆ ಹೋಗಿ ಬರಬಹುದು. ಮನೆಯಲ್ಲಿ ಕನ್ನಡ, ತಹಶೀಲ್ದಾರ ಕಚೇರಿಯಲ್ಲಿ ಮರಾಠಿ, ಭಜನೆಯಲ್ಲಿ ಎರಡೂ. ನಾನು ಬೆಳೆದದ್ದು ಹೀಗೆ.

ನನ್ನ ಅಜ್ಜಿ ಮದುವೆಯಾದ ಮರುವರ್ಷವೇ ಈ ಪರಂಪರೆಯ ಗುರುವಿನಿಂದ ಜಪದ ನಾಮ ತೆಗೆದುಕೊಂಡವರು. ಈಗ ಎಂಬತ್ತು ದಾಟಿದೆ. ಇಂದಿಗೂ ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಪಡಸಾಲೆಯ ಮೂಲೆಯಲ್ಲಿ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿಕೊಂಡು ನೇಮಕ್ಕೆ ಕೂರುತ್ತಾರೆ. ಬೆನ್ನಿಗೆ ಗೋಡೆ ತಾಗಿಸುವುದಿಲ್ಲ. ದೃಷ್ಟಿ ಮೂಗಿನ ತುದಿಯಲ್ಲಿ, ಉಸಿರಿನ ಜೊತೆಗೆ ನಾಮ. ತುಟಿ ಅಲುಗಾಡುವುದಿಲ್ಲ. ಚಿಕ್ಕಂದಿನಲ್ಲಿ ನಾನು ಎಚ್ಚರವಾಗಿ ಮಲಗಿಕೊಂಡು ಅವರ ಎದೆ ಏರಿಳಿಯುವುದನ್ನೇ ನೋಡುತ್ತಿದ್ದೆ. ಏನು ನಾಮ ಎಂದು ಕೇಳಿದರೆ, ಗುರು ಕಿವಿಯಲ್ಲಿ ಹೇಳಿದ್ದು ಬಾಯಿಗೆ ಬರಬಾರದು ಎನ್ನುತ್ತಿದ್ದರು.

ಕಳೆದ ವರ್ಷದಿಂದ ನಾನು ಸೊಲ್ಲಾಪುರದಲ್ಲಿ ಒಂದು ಅಧ್ಯಯನ ಬಳಗಕ್ಕೆ ಹೋಗುತ್ತಿದ್ದೇನೆ. ಅಲ್ಲಿ ಸಿದ್ಧರಾಮೇಶ್ವರ ಮಹಾರಾಜರ ಮರಾಠಿ ಪ್ರವಚನಗಳನ್ನು ಓದುತ್ತೇವೆ. ಅವರು ಇಂಚಗೇರಿ ಮಠ ಕಟ್ಟಿದ ಉಮದಿಯ ಭಾವುಸಾಹೇಬ ಮಹಾರಾಜರ ಶಿಷ್ಯರೇ. ಆದರೆ ಅಲ್ಲಿಯ ಹಿರಿಯರೊಬ್ಬರು ಮೊನ್ನೆ ಹೇಳಿದರು: ನಾಮಸ್ಮರಣೆ ಇರುವೆಯ ದಾರಿ, ಪಿಪೀಲಿಕಾ ಮಾರ್ಗ, ನಮ್ಮದು ವಿಹಂಗಮ ಮಾರ್ಗ, ಹಕ್ಕಿಯ ದಾರಿ, ಹಣ್ಣಿದ್ದಲ್ಲಿಗೆ ನೇರವಾಗಿ ಹಾರಿದವನಿಗೆ ಬೊಡ್ಡೆ ಹತ್ತುವ ಕಷ್ಟವೇಕೆ?

ಆ ಮಾತು ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ಅರವತ್ತು ವರ್ಷ ಆ ಕೌದಿಯ ಮೇಲೆ ಕುಳಿತವರು ಬೊಡ್ಡೆಯಲ್ಲೇ ಉಳಿದರೇ? ತಿಳಿದವರು ದಯವಿಟ್ಟು ಹೇಳಿ. ಇದು ನನಗೆ ಬರೀ ತರ್ಕದ ಪ್ರಶ್ನೆಯಲ್ಲ.

ಸೊಲ್ಲಾಪುರದ ವಿಚಾರಿ:

ಸರ್, ನಿಮ್ಮ ಅಜ್ಜಿಯವರಿಗೆ ನನ್ನ ನಮಸ್ಕಾರ. ನಾನು ಹಕ್ಕಿಯ ದಾರಿಯ ಪರ ಇರುವವನು. ಆದರೂ ಆ ಹಿರಿಯರು ಹೇಳಿದ ರೀತಿ ನನಗೂ ಹಿಡಿಸಲಿಲ್ಲ.

ಮೊದಲು ಒಂದು ಸ್ಪಷ್ಟನೆ, ಏಕೆಂದರೆ ನಮ್ಮ ಊರಿನಲ್ಲಿ ಈ ಗೊಂದಲ ಪದೇ ಪದೇ ಆಗುತ್ತದೆ. ಇವರು ಹನ್ನೆರಡನೆಯ ಶತಮಾನದ ಸೊನ್ನಲಿಗೆಯ ಸಿದ್ಧರಾಮರಲ್ಲ. ಈ ಸಿದ್ಧರಾಮೇಶ್ವರರು ಸೊಲ್ಲಾಪುರ ಜಿಲ್ಲೆಯ ಪಾಥರಿಯಲ್ಲಿ 1888ರಲ್ಲಿ ಹುಟ್ಟಿದವರು. ವಿಜಯಪುರದಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದರು. 1906ರಲ್ಲಿ ಭಾವುಸಾಹೇಬರಿಂದ ಉಪದೇಶ ಪಡೆದರು. 1936ರಲ್ಲಿ ಮುಂಬಯಿಯಲ್ಲಿ ದೇಹ ಬಿಟ್ಟರು.

ಅವರ ವಾದ ಹೀಗಿದೆ. ಹುಟ್ಟಿದ ಮಗುವಿಗೆ ತಾನು ಯಾರೆಂದು ಗೊತ್ತಿಲ್ಲ. ನೀನು ಇಂಥವರ ಮಗ, ನಿನ್ನ ಹೆಸರು ಇದು, ನೀನು ಗಂಡು ಎಂದು ಹತ್ತು ಜನ ಹೇಳಿ ಹೇಳಿ ಅದು ನಿಜವಾಗಿಬಿಡುತ್ತದೆ. ಕೇಳಿದ್ದರಿಂದ ಅಂಟಿದ ಅಜ್ಞಾನ ಕೇಳುವುದರಿಂದಲೇ ಹೋಗಬೇಕು. ಆದ್ದರಿಂದ ಶ್ರವಣ, ಆಮೇಲೆ ಮನನ. ಅದಕ್ಕಾಗಿ ಅವರು ನಾಲ್ಕು ದೇಹಗಳನ್ನು ಒಂದೊಂದಾಗಿ ಬಿಡಿಸಿ ತೋರಿಸುತ್ತಾರೆ. ಸ್ಥೂಲ ಎಂದರೆ ಈ ಕೈಕಾಲು. ಸೂಕ್ಷ್ಮ ಎಂದರೆ ಮನಸ್ಸು, ಬುದ್ಧಿ, ಇಂದ್ರಿಯಗಳ ಓಡಾಟ. ಕಾರಣ ಎಂದರೆ ಮರೆವು. ಗಾಢ ನಿದ್ದೆಯಿಂದ ಎದ್ದು ಏನೂ ಗೊತ್ತಾಗಲಿಲ್ಲ ಎನ್ನುತ್ತೇವಲ್ಲ, ಅದು. ಆ ಏನೂ ಇಲ್ಲದ್ದನ್ನು ಯಾವುದು ಅರಿಯಿತೋ ಅದು ಮಹಾಕಾರಣ, ಇದ್ದೇನೆ ಎಂಬ ಬರಿಯ ಅರಿವು. ಕೊನೆಗೆ ಅದನ್ನೂ ಬಿಡಬೇಕು ಎನ್ನುತ್ತಾರೆ. ಅರಿವು ಮರೆವು ಎರಡೂ ಯಾವುದರ ಮೇಲೆ ಬಂದು ಹೋಗುತ್ತವೆಯೋ ಅದೇ ನೀನು.

ನನಗೆ ಹದಿನೈದು ವರ್ಷ ಜಪದಲ್ಲಿ ಸಿಗದ ಬಿಡುಗಡೆ ಈ ಮಾತಿನಲ್ಲಿ ಸಿಕ್ಕಿತು. ಕಾರಣ ದೇಹದ ವಿವರಣೆಯನ್ನು ಮೊದಲ ಸಲ ಓದಿದ ದಿನ ರಾತ್ರಿಯಿಡೀ ನಿದ್ದೆ ಬರಲಿಲ್ಲ.

ಭೀಮಾತೀರ:

ನಾನು ಚಡಚಣ ಕಡೆಯವನು, ನಿವೃತ್ತ ಶಿಕ್ಷಕ. ಇಂಚಗೇರಿ ಮಠದ ಸಪ್ತಾಹಗಳಿಗೆ ತಂದೆಯ ಕೈ ಹಿಡಿದುಕೊಂಡು ಹೋದವನು. ವಿಚಾರಿಯವರು ತತ್ವವನ್ನು ಚೆನ್ನಾಗಿ ಬಿಡಿಸಿದ್ದಾರೆ. ಆದರೆ ಅವರೇ ಕೊಟ್ಟ ಇಸವಿಗಳನ್ನು ಇನ್ನೊಮ್ಮೆ ನೋಡಬೇಕು.

1906ರಲ್ಲಿ ನಾಮ ತೆಗೆದುಕೊಂಡ ಸಿದ್ಧರಾಮೇಶ್ವರರು ಗುರುಗಳು ಇದ್ದಷ್ಟು ಕಾಲ, ಅಂದರೆ 1914ರವರೆಗೆ, ಬೇರೆ ದಾರಿಯ ಮಾತೆತ್ತಲಿಲ್ಲ. ಆಮೇಲೂ ಕೆಲವು ವರ್ಷ ಗುರುಬಂಧುಗಳ ಜೊತೆ ಊರೂರು ತಿರುಗಿ ಇದೇ ಸಾಧನೆಯನ್ನು ಹೇಳಿದರು. ಧ್ಯಾನವನ್ನೂ ದಾಟಿ ಹೋಗಬೇಕು ಎಂಬ ಮಾತು ಅವರಿಂದ ಬಂದದ್ದು 1918ರ ನಂತರ. ಗುರುಬಂಧುಗಳು ಒಪ್ಪಲಿಲ್ಲ. ಆಗ ಅವರು ವಿಜಯಪುರದಲ್ಲಿ ತಿಂಗಳುಗಟ್ಟಲೆ ಏನು ಮಾಡುತ್ತಾ ಕುಳಿತಿದ್ದರು? ಧ್ಯಾನವನ್ನೇ. ಹನ್ನೆರಡು ವರ್ಷಕ್ಕೂ ಮೇಲ್ಪಟ್ಟು ನಾಮ ಅರೆದು ಅರೆದು ನುಣ್ಣಗಾದ ಮನಸ್ಸಿನಲ್ಲಿ ಹುಟ್ಟಿದ ವಿಚಾರ ಅದು. ನಾವು ಕೊನೆಯ ಅಧ್ಯಾಯವನ್ನು ಮಾತ್ರ ಹರಿದುಕೊಂಡು ಓದುತ್ತಿದ್ದೇವೆ. ನನ್ನ ದೂರು ಇದೊಂದೇ.

ಈ ಎರಡು ಹೆಸರುಗಳೂ ಅವರ ಸೃಷ್ಟಿಯಲ್ಲ. ವರಾಹೋಪನಿಷತ್ತಿನಲ್ಲಿಯೇ ಶುಕನ ದಾರಿ ವಿಹಂಗಮ, ವಾಮದೇವನ ದಾರಿ ಪಿಪೀಲಿಕಾ ಎಂದಿದೆ. ಅಲ್ಲಿ ಇಬ್ಬರೂ ಮುಟ್ಟಿದವರೇ. ಇರುವೆ ಹಣ್ಣು ತಿನ್ನಲಿಲ್ಲ ಎಂದು ಆ ಉಪನಿಷತ್ತು ಹೇಳುವುದಿಲ್ಲ.

ಪರಂಪರೆಯ ಬೇರನ್ನೂ ಇಲ್ಲಿ ನೆನೆಯಬೇಕು. ನಿಂಬರಗಿ ಮಹಾರಾಜರು, 1789ರಿಂದ 1875. ಗುರುಲಿಂಗಜಂಗಮ ಮಹಾರಾಜರೆಂದೂ ಕರೆಯುತ್ತೇವೆ. ಲಿಂಗಾಯತರು, ನೂಲಿಗೆ ಬಣ್ಣ ಹಾಕುವ ಕಾಯಕದ ಮನೆತನ. ಅವರಿಂದ ಉಪದೇಶ ಪಡೆದವರು ಉಮದಿಯ ದೇಶಪಾಂಡೆ ಮನೆತನದ ವೆಂಕಟೇಶ ಖಂಡೇರಾವ್. ಅವರೇ ಮುಂದೆ ಭಾವುಸಾಹೇಬ ಮಹಾರಾಜರಾದರು. ಹುಟ್ಟಿದ್ದು 1843ರಲ್ಲಿ. ಹದಿನಾಲ್ಕರ ಬ್ರಾಹ್ಮಣ ಹುಡುಗ ಬಣ್ಣಗಾರ ಗುರುವಿನ ಕಾಲಿಗೆ ಬಿದ್ದದ್ದು 1857ರ ಸುಮಾರಿಗೆ. ಆ ಕಾಲದಲ್ಲಿ, ನಮ್ಮ ಹಳ್ಳಿಗಳಲ್ಲಿ! ಆ ಸಾಷ್ಟಾಂಗವನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. 1885ರಲ್ಲಿ ಅವರು ಇಂಚಗೇರಿಯಲ್ಲಿ ಮಠ ಕಟ್ಟಿದರು. ಮುಂದೆ ಅದೇ ಮಠದ ಮಾಧವಾನಂದ ಪ್ರಭುಗಳು ಸ್ವಾತಂತ್ರ್ಯ ಹೋರಾಟಕ್ಕಿಳಿದರು, ಅಂತರ್ಜಾತಿ ಮದುವೆಗಳನ್ನು ಮಾಡಿಸಿದರು.

ಜತ್ತದ ತಮ್ಮಾ, ನಿಮ್ಮ ಅಜ್ಜಿ ಬೊಡ್ಡೆಯಲ್ಲಿದ್ದಾರೋ ತುದಿಯಲ್ಲಿದ್ದಾರೋ ಎಂದು ಹೇಳುವ ಅಧಿಕಾರ ಪುಸ್ತಕ ಓದಿದ ನಮಗಾರಿಗೂ ಇಲ್ಲ.

ಅಕ್ಕಲಕೋಟೆಯ ಅಕ್ಕ:

ಭೀಮಾತೀರ ಸರ್ ಬೇರು ಎಂದಿದ್ದರಿಂದ ಬರೆಯುತ್ತಿದ್ದೇನೆ. ನಿಂಬರಗಿ ಮಹಾರಾಜರ ಉಪದೇಶಗಳ ಸಂಗ್ರಹ ‘ಬೋಧಸುಧೆ’ ಇರುವುದು ಕನ್ನಡದಲ್ಲಿ. ನಮ್ಮ ಮನೆಯಲ್ಲಿ ಒಂದು ಪ್ರತಿ ಇದೆ, ಅತ್ತೆಯವರದು. ಪುಟದ ಅಂಚುಗಳು ಎಣ್ಣೆಗೈ ತಾಗಿ ತಾಗಿ ಪಾರದರ್ಶಕವಾಗಿವೆ. ನಡುವೆ ಒಂದು ಒಣಗಿದ ಬಿಲ್ವದ ಎಲೆ. ನಾನು ಮರಾಠಿ ಶಾಲೆಯಲ್ಲಿ ಓದಿದವಳು. ಮದುವೆಯಾದ ಮೇಲೆ ಅತ್ತೆಯ ಪಕ್ಕ ಕುಳಿತು, ಆ ಪುಸ್ತಕದಿಂದಲೇ ಕನ್ನಡ ಅಕ್ಷರಗಳನ್ನು ಜೋಡಿಸಿ ಓದಲು ಕಲಿತೆ.

ಸಿದ್ಧರಾಮೇಶ್ವರರ, ಅವರ ಶಿಷ್ಯ ನಿಸರ್ಗದತ್ತರ ಹೆಸರು ಇಂದು ದೇಶ ದಾಟಿದೆ. ಸಿದ್ಧರಾಮೇಶ್ವರರ ಗುರುವಿನ ಗುರು ಯಾವ ಭಾಷೆಯಲ್ಲಿ ಉಪದೇಶ ಮಾಡಿದರು ಎಂದು ಕೇಳಿದರೆ ನಮ್ಮ ಮಕ್ಕಳಿಗೇ ಗೊತ್ತಿಲ್ಲ. ನನಗೆ ಇದು ನೋವಿನ ವಿಷಯ. ಗಡಿ ತಂಟೆಯ ಮಾತು ಇದಲ್ಲ. ನಮ್ಮ ಬೆಳಗಿನ ಜಾವದ ಕಾಕಡಾರತಿಯಲ್ಲಿ ಮರಾಠಿ ಅಭಂಗ ಮುಗಿದ ಉಸಿರಿನಲ್ಲೇ ಕನ್ನಡ ಪದ ಹಿಡಿಯುತ್ತೇವೆ, ತಾಳ ಹಾಕುವವರು ನಿಲ್ಲಿಸುವುದೂ ಇಲ್ಲ. ಬೆಳಿಗ್ಗೆ ಸಮರ್ಥ ರಾಮದಾಸರ ದಾಸಬೋಧ ಮರಾಠಿಯಲ್ಲಿ ಓದುತ್ತೇವೆ, ಅದರ ಅರ್ಥ ಹೇಳುವುದು ಕನ್ನಡದಲ್ಲಿ. ಈ ಪರಂಪರೆ ಎರಡು ಭಾಷೆಗಳ ತೊಡೆಯ ಮೇಲೆ ಬೆಳೆದ ಕೂಸು. ಒಂದು ತಾಯಿಯ ಹೆಸರು ಮಾತ್ರ ಉಳಿಯಬಾರದು.

ಆ ಪುಸ್ತಕದಲ್ಲಿ ದೊಡ್ಡ ದೊಡ್ಡ ವೇದಾಂತದ ಶಬ್ದಗಳಿಲ್ಲ. ಮನೆ ನಡೆಸುವವರಿಗೆ, ದುಡಿಯುವವರಿಗೆ ಹೇಳಿದ ಬುದ್ಧಿಮಾತುಗಳೇ ಹೆಚ್ಚು. ಸಂಸಾರ ಬಿಟ್ಟು ಓಡಬೇಡಿ, ನಾಮ ಬಿಡಬೇಡಿ ಎಂಬ ಧಾಟಿ. ಹಕ್ಕಿ, ಇರುವೆಯ ಜಗಳ ಅಲ್ಲಿ ನನಗೆ ಕಾಣಲಿಲ್ಲ.

ಮುಂಬಯಿವಾಸಿ:

ಮೂಲ ಆಟಪಾಡಿಯ ಕಡೆ, ಈಗ ಮುಂಬಯಿಯಲ್ಲಿದ್ದೇನೆ. ಸಿದ್ಧರಾಮೇಶ್ವರರ ಸಮಾಧಿ ಇರುವುದು ವಾಲಕೇಶ್ವರದ ಬಾಣಗಂಗೆಯಲ್ಲಿ. ರಜೆಯ ದಿನ ಹೋಗಿ ಕೂರುತ್ತೇನೆ. ಸುತ್ತ ಎತ್ತರದ ಕಟ್ಟಡಗಳು. ಕಲ್ಲಿನ ಮೆಟ್ಟಿಲಿಳಿದರೆ ಕೊಳ, ಬಾತುಕೋಳಿಗಳು. ನಮ್ಮ ಬರಗಾಲದ ಸೀಮೆಯಿಂದ ಹೊರಟ ಮಾತು ಇಲ್ಲಿಗೆ ಬಂದು ನಿಂತಿತಲ್ಲ ಎಂದು ಪ್ರತಿ ಸಲವೂ ಅನಿಸುತ್ತದೆ.

ನಿಸರ್ಗದತ್ತ ಮಹಾರಾಜರು 1897ರಲ್ಲಿ ಹುಟ್ಟಿದವರು. ಬೀಡಿ ಅಂಗಡಿ ನಡೆಸುತ್ತಿದ್ದರು. 1933ರಲ್ಲಿ ಸಿದ್ಧರಾಮೇಶ್ವರರನ್ನು ಕಂಡರು. ಗುರು ಹೇಳಿದ್ದು ಇಷ್ಟೇ: ‘ನಾನು ಇದ್ದೇನೆ’ ಎಂಬ ಅರಿವನ್ನು ಹಿಡಿದುಕೋ, ಬೇರೆಯದಕ್ಕೆ ಮನಸ್ಸು ಕೊಡಬೇಡ. ಮೂರು ವರ್ಷ ಹಾಗೆಯೇ ಮಾಡಿದರು. ಅವರ ಮಾತುಕತೆಗಳ ಪುಸ್ತಕ ‘ಐ ಆಮ್ ದಟ್’ 1973ರಲ್ಲಿ ಬಂದ ಮೇಲೆ ಖೇತವಾಡಿಯ ಆ ಸಣ್ಣ ಅಟ್ಟಕ್ಕೆ ಪರದೇಶಗಳಿಂದ ಜನ ಹತ್ತಿ ಬಂದರು.

ಇಲ್ಲಿ ಎರಡು ವಿಷಯ ಹೇಳಬೇಕು. ಒಂದು, ಆ ಪುಸ್ತಕ ಓದಿದವರಿಗೆ ಸಿಗುವುದು ಪ್ರಶ್ನೋತ್ತರ ಮಾತ್ರ. ಆ ಅಟ್ಟದಲ್ಲಿ ದಿನಕ್ಕೆ ಹಲವು ಹೊತ್ತು ಭಜನೆ ನಡೆಯುತ್ತಿತ್ತು, ಗುರುಗಳ ಪಟಗಳಿಗೆ ಪೂಜೆ ನಡೆಯುತ್ತಿತ್ತು, ಮಹಾರಾಜರೇ ನಿಂತು ತಾಳ ಹಾಕುತ್ತಿದ್ದರು. ಕೇಳಿದವರಿಗೆ ನಾಮವನ್ನೂ ಕೊಡುತ್ತಿದ್ದರು. ನಾಮ ಬಿಟ್ಟೇಬಿಡಿ ಎನ್ನುವವರು ಇದಕ್ಕೆ ಏನು ಹೇಳುತ್ತಾರೆ?

ಎರಡು, ಆ ಪುಸ್ತಕವನ್ನು ಸಿದ್ಧಪಡಿಸಿದ ಮಾರಿಸ್ ಫ್ರೀಡ್‌ಮನ್. ಪೋಲೆಂಡಿನ ಎಂಜಿನಿಯರ್. ಬೆಂಗಳೂರಿನ ಸರ್ಕಾರಿ ವಿದ್ಯುತ್ ಉಪಕರಣಗಳ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಅಲ್ಲಿಂದ ಔಂಧ ಸಂಸ್ಥಾನಕ್ಕೆ ಬಂದು, 1939ರಲ್ಲಿ ರಾಜನೇ ಅಧಿಕಾರವನ್ನು ಪ್ರಜೆಗಳಿಗೆ ಒಪ್ಪಿಸಿದ ಆ ಸಂವಿಧಾನದ ಕೆಲಸದಲ್ಲಿ ಕೈಜೋಡಿಸಿದರು. ನಮ್ಮ ಆಟಪಾಡಿಯ ಹತ್ತಿರದ ಸ್ವತಂತ್ರಪುರ, ಬೇಡಿ ಗೋಡೆ ಇಲ್ಲದ ಬಂದೀಖಾನೆ, ಅದರ ಹಿಂದೆಯೂ ಅವರಿದ್ದರು. ಔಂಧ ಸಂಸ್ಥಾನಕ್ಕೆ ವಿಜಯಪುರ ಕಡೆಯ ಗುಣದಾಳವೂ ಸೇರಿತ್ತು, ಅಂದರೆ ಅಚ್ಚ ಕನ್ನಡದ ಹಳ್ಳಿಗಳು. ಜತ್ತ ಇರುವ ಜಿಲ್ಲೆಯಲ್ಲೇ ಧೂಳು ತುಳಿದವರೇ ದಶಕಗಳ ನಂತರ ಮುಂಬಯಿಯ ಅಟ್ಟ ಹತ್ತಿ, ಉಮದಿಯಿಂದ ಹರಿದು ಬಂದ ಮಾತನ್ನು ಜಗತ್ತಿಗೆ ಕೊಟ್ಟರು. ಇದನ್ನು ನಾನು ಎಷ್ಟು ಜನರಿಗೆ ಹೇಳಿದರೂ ತೃಪ್ತಿಯಾಗುವುದಿಲ್ಲ.

ಹೊಸ ಸದಸ್ಯ:

ದೊಡ್ಡವರ ನಡುವೆ ಮಾತನಾಡುತ್ತಿದ್ದೇನೆ, ಕ್ಷಮೆಯಿರಲಿ. ಮೂರು ವರ್ಷದ ಹಿಂದೆ ನಾನು ಒಂದು ಶಿಬಿರಕ್ಕೆ ಹೋಗಿದ್ದೆ. ಹೆಸರು ಬೇಡ. ಮೂರು ದಿನದಲ್ಲಿ ಆತ್ಮಸಾಕ್ಷಾತ್ಕಾರ ಎಂದಿದ್ದರು. ಶುಲ್ಕ ನನ್ನ ಅರ್ಧ ತಿಂಗಳ ಸಂಬಳ. ಅಲ್ಲಿಯೂ ಇದೇ ಶಬ್ದಗಳು: ನೀನು ದೇಹವಲ್ಲ, ಮನಸ್ಸಲ್ಲ, ಸಾಧನೆ ಎಂಬುದೇ ಬಂಧನ. ಕೇಳುವಾಗ ಮೈಯೆಲ್ಲ ಹಗುರವಾಗಿತ್ತು.

ಊರಿಗೆ ಮರಳಿದ ಮೇಲೆ ನಾನು ಕಲ್ಲಾದೆ. ಅಮ್ಮ ಮೊಣಕಾಲು ನೋವು ಎಂದರೆ, ನೋವು ದೇಹದ್ದು, ನಿನ್ನದಲ್ಲ ಎಂದು ಹೇಳಿದೆ. ಆಸ್ಪತ್ರೆಗೆ ಕರೆದೊಯ್ಯಲು ಎರಡು ತಿಂಗಳು ತಡಮಾಡಿದೆ. ಅಮ್ಮ ಬಚ್ಚಲ ಗೋಡೆ ಹಿಡಿದು ಹಿಡಿದು ನಡೆಯುತ್ತಿದ್ದರು, ಸುಣ್ಣದ ಮೇಲೆ ಅವರ ಅಂಗೈ ಗುರುತು ಸಾಲಾಗಿ ಬಿದ್ದಿತ್ತು. ಅದನ್ನು ನೋಡಿದ ದಿನ ನನಗೆ ಎಚ್ಚರವಾಯಿತು. ಅಂದಿನಿಂದ ಹಕ್ಕಿಯ ದಾರಿ ಎಂಬ ಶಬ್ದ ಕೇಳಿದರೆ ಭಯವಾಗುತ್ತದೆ. ತಪ್ಪು ಆ ಬೋಧೆಯದೋ, ನನ್ನದೋ?

ಸೊಲ್ಲಾಪುರದ ವಿಚಾರಿ:

ತಮ್ಮಾ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಸಿದ್ಧರಾಮೇಶ್ವರರು ಸ್ಥೂಲ ದೇಹವನ್ನು ಬಿಡಿಸಿ ತೋರಿಸುವುದು ನಿನ್ನ ಅಹಂಕಾರವನ್ನು ಬಿಡಿಸಲು, ಬೇರೆಯವರ ನೋವನ್ನು ಅಳಿಸಲು ಅಲ್ಲ. ಮಾತನ್ನು ನಮ್ಮ ಕಡೆ ತಿರುಗಿಸಬೇಕು, ತಾಯಿಯ ಕಡೆ ತಿರುಗಿಸಿದರೆ ಅದು ಕ್ರೌರ್ಯ. ಅವರು ಸ್ವತಃ ಗೃಹಸ್ಥರು. ಅವರ ಶಿಷ್ಯರಲ್ಲಿ ಅಂಗಡಿ, ನೌಕರಿ ಬಿಟ್ಟು ಓಡಿದವರಿಗಿಂತ ಅಲ್ಲಿಯೇ ಇದ್ದವರೇ ಹೆಚ್ಚು. ನಿಸರ್ಗದತ್ತರೂ 1937ರಲ್ಲಿ ಎಲ್ಲ ಬಿಟ್ಟು ಹಿಮಾಲಯದ ದಾರಿ ಹಿಡಿದು, ತಿಂಗಳುಗಳ ನಂತರ ಮರಳಿ ಬಂದು ಬೀಡಿ ಅಂಗಡಿಯಲ್ಲೇ ಕುಳಿತರು.

ಹಣ ತೆಗೆದುಕೊಂಡು ಮೂರು ದಿನದಲ್ಲಿ ಕೊಡುವ ವಸ್ತು ಇದಲ್ಲ ಎಂದು ನಮ್ಮ ಬಳಗದ ಪರವಾಗಿಯೂ ಹೇಳುತ್ತೇನೆ.

ಭೀಮಾತೀರ:

ಹೊಸ ಸದಸ್ಯರ ಪ್ರಶ್ನೆಗೆ ಗುರುದೇವ ರಾನಡೆಯವರ ನೆನಪು ಬಂತು. ಅವರೂ ಭಾವುಸಾಹೇಬರ ಶಿಷ್ಯರು. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿ, 1901ರಲ್ಲಿ ನಾಮ ಪಡೆದು, ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿ, ಕುಲಪತಿಯೂ ಆಗಿ, ಕೊನೆಗೆ ನಿಂಬಾಳ ರೈಲು ನಿಲ್ದಾಣದ ಬಳಿಯ ಆಶ್ರಮದಲ್ಲಿ ನೆಲೆಸಿದರು. 1957ರಲ್ಲಿ ಅಲ್ಲಿಯೇ ದೇಹ ಬಿಟ್ಟರು. ಸೊಲ್ಲಾಪುರ–ವಿಜಯಪುರ ಗಾಡಿಯಲ್ಲಿ ಹೋಗುವವರು ಆ ನಿಲ್ದಾಣದಲ್ಲಿ ಇಂದಿಗೂ ಕೈ ಮುಗಿಯುತ್ತಾರೆ.

ರಾನಡೆಯವರು ನಾಮವನ್ನು ಕೊನೆಯವರೆಗೆ ಬಿಡಲಿಲ್ಲ. ಧ್ಯಾನದಲ್ಲಿ ಕಾಣುವ ಬಣ್ಣ, ರೂಪ, ಬೆಳಕು, ಕೇಳುವ ನಾದ, ಇವೆಲ್ಲವನ್ನೂ ಗಂಭೀರವಾಗಿ ಪರಿಗಣಿಸಿದರು. ಆದರೆ ಕಂಡದ್ದೆಲ್ಲ ನಿಜ ಎಂದು ಒಪ್ಪಿಕೊಳ್ಳಲಿಲ್ಲ. ಮಹಾರಾಷ್ಟ್ರದ ಸಂತರ ಕುರಿತು 1933ರಲ್ಲಿ ಬಂದ ಅವರ ಇಂಗ್ಲಿಷ್ ಗ್ರಂಥದಲ್ಲಿ ಅನುಭಾವವನ್ನು ತೂಗಲು ಕೆಲವು ಅಳತೆಗಳನ್ನು ಹೇಳಿದ್ದಾರೆ. ಬೇರೆ ಬೇರೆ ಕಾಲದ, ದೇಶದ ಅನುಭಾವಿಗಳ ಮಾತಿಗೆ ಅದು ಹೊಂದುತ್ತದೆಯೇ, ಬುದ್ಧಿ ಅದರಿಂದ ಹರಿತವಾಗುತ್ತದೆಯೇ, ಭಾವ ಶುದ್ಧವಾಗುತ್ತದೆಯೇ, ನಡತೆ ಉತ್ತಮವಾಗುತ್ತದೆಯೇ. ನಡತೆಯ ಅಳತೆಯೇ ಬಡವರಿಗೂ ಅಕ್ಷರ ಬಾರದವರಿಗೂ ಎಟುಕುವಂಥದ್ದು. ನೀವು ಆ ಗೋಡೆಯ ಗುರುತು ನೋಡಿ ಎಚ್ಚರವಾದಿರಲ್ಲ, ಆಗ ನೀವು ಅದೇ ಅಳತೆಯಿಂದ ತೂಗಿದಿರಿ. ತೂಕ ಸರಿಯಾಗಿಯೇ ಇತ್ತು.

ಒಂದು ಒಪ್ಪಿಗೆಯನ್ನೂ ಹೇಳಿಬಿಡುತ್ತೇನೆ. ನಮ್ಮ ಇರುವೆಯ ದಾರಿಯಲ್ಲೂ ಕೊಳೆ ಇದೆ. ನಲವತ್ತು ವರ್ಷ ನೇಮಕ್ಕೆ ಕುಳಿತು, ಎದ್ದ ಕೂಡಲೇ ಅಣ್ಣತಮ್ಮಂದಿರ ಬದುವಿನ ವ್ಯಾಜ್ಯಕ್ಕೆ ಹೊರಡುವವರನ್ನು ನಾನು ಕಂಡಿದ್ದೇನೆ. ಮಣಿ ಎಣಿಸಿದಂತೆ ನಾಮ ಎಣಿಸಿದರೆ ಆಗುವುದಿಲ್ಲ. ವಿಚಾರ ಇಲ್ಲದ ನಾಮ ಜಡವಾಗುತ್ತದೆ ಎಂದು ಸಿದ್ಧರಾಮೇಶ್ವರರಿಗೆ ಅನಿಸಿದ್ದರೆ, ಆಗಿನ ನಮ್ಮ ಹಿರಿಯರಲ್ಲಿ ಅದಕ್ಕೆ ಕಾರಣ ಕಂಡಿರಲೂಬಹುದು.

ಜತ್ತ ಸೀಮೆಯವ:

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಮೊನ್ನೆ ಶನಿವಾರ ಊರಿಗೆ ಹೋಗಿದ್ದೆ. ಅಜ್ಜಿ ನೇಮ ಮುಗಿಸಿ ಕೌದಿ ಮಡಚುತ್ತಿದ್ದರು. ಧೈರ್ಯ ಮಾಡಿ ಕೇಳಿಯೇಬಿಟ್ಟೆ. ಇರುವೆ, ಹಕ್ಕಿ, ನಾಲ್ಕು ದೇಹ, ಎಲ್ಲವನ್ನೂ ನನಗೆ ತಿಳಿದ ಹಾಗೆ ಹೇಳಿದೆ. ಪೂರ್ತಿ ಕೇಳಿದರು. ಮಧ್ಯೆ ಒಂದು ಸಲವೂ ಬಾಯಿ ಹಾಕಲಿಲ್ಲ.

ಆಮೇಲೆ ಹೇಳಿದರು. ನನ್ನ ತಂದೆ ಇನ್ನೂ ತೊಟ್ಟಿಲಲ್ಲಿದ್ದ ವರ್ಷ, ಒಂದು ಬೆಳಗಿನ ಜಾವ ನಾಮ ಹೇಳುತ್ತಾ ಹೇಳುತ್ತಾ ನಾಮ ಉಳಿಯಿತಂತೆ, ಹೇಳುವವಳು ಸಿಗಲಿಲ್ಲವಂತೆ. ಸ್ವಲ್ಪ ಹೊತ್ತಿನ ಮೇಲೆ ನಾಮವೂ ಇರಲಿಲ್ಲ. ತೊಟ್ಟಿಲ ಮಗು ಅತ್ತದ್ದು ಕೇಳಿಸಿತು, ಆದರೆ ಕೇಳಿಸಿಕೊಂಡವರು ಯಾರೆಂದು ತಿಳಿಯಲಿಲ್ಲ. ಹೆದರಿ ಎದ್ದುಬಿಟ್ಟರಂತೆ. ಅಜ್ಜನಿಗೂ ಹೇಳಿರಲಿಲ್ಲ. ಮರುದಿನ ಮತ್ತೆ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಕುಳಿತರು.

ಅದೇ ಮಹಾಕಾರಣವಲ್ಲವೇ ಅಜ್ಜಿ ಎಂದೆ. ನನಗೆ ಆ ಹೆಸರು ಗೊತ್ತಿಲ್ಲ ಎಂದರು. ಇಷ್ಟು ವರ್ಷ ಯಾರಿಗೂ ಏಕೆ ಹೇಳಲಿಲ್ಲ ಎಂದದ್ದಕ್ಕೆ, ಯಾರೂ ಕೇಳಲಿಲ್ಲ ಎಂದರು. ನನಗೆ ಕಣ್ಣು ತುಂಬಿತು. ಅವರು ಒಲೆಯ ಮುಂದೆ ಹೋಗಿ ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದತೊಡಗಿದರು. ಆಮೇಲೆ ರೊಟ್ಟಿ ಬಡಿಯುವ ಸದ್ದು.

ನಾನು ಬಳಗ ಬಿಡುವುದಿಲ್ಲ. ಪ್ರವಚನಗಳನ್ನು ಓದುತ್ತೇನೆ. ಆದರೆ ನಾಮ ತೆಗೆದುಕೊಳ್ಳಬೇಕೆಂದು ನಿಶ್ಚಯಿಸಿದ್ದೇನೆ.

ಸೊಲ್ಲಾಪುರದ ವಿಚಾರಿ:

ನಿಮ್ಮ ಅಜ್ಜಿ ಹೇಳಿದ್ದನ್ನು ನಾನು ಹತ್ತು ವರ್ಷದಿಂದ ಬೇರೆಯವರಿಗೆ ವಿವರಿಸುತ್ತಿದ್ದೇನೆ, ಸರ್. ಅವರು ಒಪ್ಪಿದರೆ ಒಂದು ದಿನ ಬಂದು ನಮಸ್ಕಾರ ಮಾಡಿ ಹೋಗುತ್ತೇನೆ. ಏನನ್ನೂ ಕೇಳುವುದಿಲ್ಲ.

ಹೊಸ ಸದಸ್ಯ:

ಅಮ್ಮನಿಗೆ ಇದನ್ನು ಓದಿ ಹೇಳಿದೆ. ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಆಗಿದೆ, ಈಗ ಗೋಡೆ ಹಿಡಿಯುವುದಿಲ್ಲ. ಆ ಅಜ್ಜಿಯ ಊರು ಯಾವುದು ಎಂದು ಕೇಳುತ್ತಿದ್ದಾರೆ.

ಅಕ್ಕಲಕೋಟೆಯ ಅಕ್ಕ:

ಜತ್ತದ ತಮ್ಮಾ, ಅತ್ತೆಯವರ ‘ಬೋಧಸುಧೆ’ಯ ಪುಟಗಳ ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆಯುತ್ತಿದ್ದೇನೆ. ಬೆಳಕು ಸರಿಯಾಗಿರುವಾಗ ದಿನಕ್ಕೆ ಹತ್ತು ಪುಟ. ಎಣ್ಣೆ ಹಿಡಿದ ಕಡೆ ಹಿಂದಿನ ಪುಟದ ಅಕ್ಷರವೂ ಮೂಡಿ ಬರುತ್ತದೆ, ಅದಕ್ಕೆ ನಡುವೆ ಬಿಳಿ ಹಾಳೆ ಇಟ್ಟು ತೆಗೆಯುತ್ತಿದ್ದೇನೆ. ಕೊನೆಯ ಕೆಲವು ಹಾಳೆಗಳು ನಮ್ಮ ಪ್ರತಿಯಲ್ಲಿ ಇಲ್ಲ. ಇಂಚಗೇರಿ, ಚಡಚಣ, ಉಮದಿ ಕಡೆ ಯಾರ ಮನೆಯ ಟ್ರಂಕಿನಲ್ಲಾದರೂ ಪೂರ್ತಿ ಪ್ರತಿ ಇದ್ದರೆ ತಿಳಿಸಿ, ನಾನೇ ಬಸ್ ಹತ್ತಿ ಬರುತ್ತೇನೆ.